ನನ್ನ ಮೊಳದ ಮನೆ

ಬೆಳಿಗ್ಗೆ ಹಾಲು ಕಾಯಿಸಿದೆ, ಹೆಸರುಕಾಳು ನೆನೆಹಾಕಿದೆ, ಒಗೆದ ಬಟ್ಟೆ ಹರವಿದೆ, ಅಡುಗೆಕಟ್ಟೆಯ ಮುಂದೆ ಹತ್ತಿ ನಿಲ್ಲಲು ಒಂದು ಮಣೆ ಮಾಡಿಸಿದೆ. ಮಣೆಗೆಂದು ಉಳಿಕೆಯ ಹಳೆಯ ಸಾಗವಾನಿ ಹಲಗೆ ಕೊಯ್ದಾಗ ಎದ್ದ ವಾಸನೆಗೆ ಈ ಮನೆಯ ಮರಗೆಲಸ ಮಾಡಿದ ಬಡಿಗೇರರು ನೆನಪಾದರು... ಸ್ವಂತ ಮನೆ ಕಟ್ಟಿಸಿಕೊಂಡು, ಅದರಲ್ಲಿ ಮಣೆ ಹತ್ತಿ ಅಡುಗೆ ಮಾಡುವ ನನ್ನ ಹಣೆಬರಹಕ್ಕೆ ಏನೆನ್ನಲಿ.

ಗಚ್ಚಿಬೌಲಿ ದಾಟಿ ನಮ್ಮದೊಂದು ಸಣ್ಣ ಜಾಗವಿತ್ತು. ಕಲಬುರಗಿ ಕಡೆಯ ಹಳೆಯ ಮನೆಗಳಂತೆ ಕಂಬ, ತೊಲೆ, ಪಡಸಾಲೆ ಇರುವ ಮರದ ಮನೆ ಬೇಕು, ಆದರೆ ಅದಕ್ಕಾಗಿ ಒಂದು ಗಿಡವನ್ನೂ ಕಡಿಯಬಾರದು ಎಂಬುದು ನಮ್ಮ ಆಸೆ. ನಾದಿನಿಯ ಮಗಳು ಕೊಂಡಾಪುರದಲ್ಲಿ ಆರ್ಕಿಟೆಕ್ಟ್, ನಕ್ಷೆ ಅವಳದು. ಕೆಡವಿದ ಮನೆಗಳ ಮರ ಹುಡುಕಿ ತಂದವರು ಕೋಠಿಯ ಗಲ್ಲಿಯೊಂದರಲ್ಲಿ ಅಂಗಡಿ ಇಟ್ಟಿದ್ದ, ಬೀದರ್ ಕಡೆಯ ಆ ಮುದಿ ಬಡಿಗೇರರು. ಒಂದೊಂದು ತುಂಡನ್ನೂ ತಟ್ಟಿ, ಕಿವಿಗೊಟ್ಟು, ಟೊಳ್ಳಾದದ್ದನ್ನು ಪಕ್ಕಕ್ಕಿಡುತ್ತಿದ್ದರು.

ಮೊದಲ ದಿನ ಅವರು ನಕ್ಷೆಯನ್ನೇ ಬಿಚ್ಚಲಿಲ್ಲ. ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಯಾರು ಎಂದು ಕೇಳಿದರು. ನಮ್ಮ ಯಜಮಾನರು ನನ್ನ ಕಡೆ ಕೈ ತೋರಿಸಿದರು.

"ಹಂಗಾದ್ರ ಅಕ್ಕಾರ ಮೊಳಾನ ಹಿಡೀಬೇಕ್ರಿ. ಯಜಮಾನ್ರು ಬರೇ ಉಣ್ಣಾಕ ಬರ್ತಾರ."

ನನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದು ಒಂದು ಕೋಲು ಕತ್ತರಿಸಿದರು. ಅಡುಗೆಕಟ್ಟೆಯ ಎತ್ತರ ಆ ಕೋಲಿನ ಲೆಕ್ಕದಲ್ಲಿ. ಸೊಪ್ಪು ಬಿಡಿಸುತ್ತ ಕುಳಿತವಳಿಗೆ ಗೇಟಿನ ಬಳಿ ಯಾರು ಬಂದರೆಂದು ಕಾಣಬೇಕು ಎಂದು, ನನ್ನನ್ನು ನೆಲದ ಮೇಲೆ ಕೂರಿಸಿ ಪಡಸಾಲೆಯ ಕಿಟಕಿಗೂ ಗುರುತು ಹಾಕಿದರು.

ಆ ಗುರುತಿಗೂ ನಕ್ಷೆಗೂ ತಾಳೆಯಾಗಲಿಲ್ಲ. ಹುಡುಗಿ ಮೂರು ಸಲ ತಿದ್ದಿದಳು. ನಾಲ್ಕನೆಯ ಸಲಕ್ಕೆ ಅವಳಿಗೂ ಸಾಕಾಯಿತು. "ಅತ್ತಿ, ನಾಳೆ ಮನಿ ಮಾರಬೇಕಂದ್ರ ನಿನ್ನಷ್ಟ ಗಿಡ್ಡ ಇದ್ದವರನ್ನ ಎಲ್ಲಿಂದ ಹುಡುಕಿ ತರೋಣು?" ಎಂದಳು. ನನಗೆ ನಗು ಬಂತು. ನಕ್ಕದ್ದೇ ತಪ್ಪಾಯಿತು... ಕೋಲು ಬೇಡ, ನಕ್ಷೆಯಲ್ಲಿದ್ದ ಟೇಪಿನ ಅಳತೆಯೇ ಇರಲಿ ಎಂದು ಬಡಿಗೇರರಿಗೆ ಹೇಳಿದವಳು ನಾನೇ.

ಅವರು ವಾದ ಮಾಡಲಿಲ್ಲ. "ಬೆನ್ನು ನಿಮ್ಮದ ಐತ್ರಿ ಅಕ್ಕಾರ" ಎಂದಷ್ಟೇ ಹೇಳಿ ಟೇಪು ಎಳೆದರು. ಮೊಳೆಯಿಲ್ಲದೆ, ಮರದ ಗೂಟ ಹೊಡೆದು ಅವರು ಕೂಡಿಸಿದ ತೊಲೆಗಳಲ್ಲಿ ಇವತ್ತಿಗೂ ಕೂದಲೆಳೆಯಷ್ಟು ಸಂದಿಲ್ಲ. ಆದರೆ ಆ ಎತ್ತರದ ಕಟ್ಟೆಯ ಮೇಲೆ ನಾಲ್ಕು ರೊಟ್ಟಿ ಬಡಿದರೆ ಹೆಗಲು ಹಿಡಿಯುತ್ತದೆ. ನೆಲಕ್ಕೆ ಕುಳಿತರೆ ಕಿಟಕಿಯಲ್ಲಿ ಕಾಣುವುದು ಕರೆಂಟಿನ ತಂತಿ ಮಾತ್ರ.

ಕಿಟಕಿಯನ್ನಾದರೂ ಇಳಿಸಿಕೊಡಿ ಎಂದು ಕೇಳಲು ಹೋದ ತಿಂಗಳು ಕೋಠಿಗೆ ಹೋದೆ. ಅವರ ಅಂಗಡಿಯಲ್ಲಿ ಪ್ಲೈವುಡ್ ಹಾಳೆಗಳು ಒರಗಿದ್ದವು. "ವೋ ತೋ ಗುಜರ್ ಗಯೇ, ಅಮ್ಮಾ" ಎಂದ ಹೊಸ ಅಂಗಡಿಯವ. ತೀರಿಕೊಂಡು ಆರು ತಿಂಗಳಾಗಿತ್ತಂತೆ. ಬೇರೆ ಇಬ್ಬರು ಬಡಿಗೇರರು ಬಂದು ನೋಡಿ, ಈ ಜೋಡಣೆ ಬಿಚ್ಚುವುದು ನಮ್ಮಿಂದಾಗದು ಎಂದು ಹೋದರು. ಸಿಟ್ಟು ಯಾರ ಮೇಲೆ ಮಾಡಲಿ...

ಇವತ್ತು ಮಧ್ಯಾಹ್ನ ಹುಡುಗಿ ಊಟಕ್ಕೆ ಬಂದಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಉಂಡ ಮೇಲೆ ಕಟ್ಟೆಯ ಮುಂದೆ ನಿಂತು, ಚೂರೂ ಬಗ್ಗದೆ, ಎಲ್ಲರ ತಾಟುಗಳನ್ನೂ ತೊಳೆದಿಟ್ಟಳು. ಆ ಎತ್ತರ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಆಮೇಲೆ ಎಲ್ಲರೂ ಅಡ್ಡಾದೆವು; ಅವಳು ಪಡಸಾಲೆಯ ಕಂಬದ ಬುಡದಲ್ಲಿ ತಲೆದಿಂಬು ಹಾಕಿಕೊಂಡು ಮಲಗಿದಳು. ಮೊದಲು ನಿದ್ದೆ ಹತ್ತಿದ್ದೂ ಅವಳಿಗೇ.