ಶುಕ್ರನ ಗಾಳಿಯೂ ನನ್ನ ಇಂಗ್ಲಿಷೂ

ಒಂದು ಸಣ್ಣ ಸಿಳ್ಳೆ. ಒಂದೇ ಸಮ ಕೇಳುತ್ತಿದ್ದದ್ದು ನಡುಗಿತು, ಜಾರಿತು, ಮಂಕಾಯಿತು, ನಿಂತೇ ಹೋಯಿತು.

ಡೊಂಬಿವಲಿಯ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಸ್ಪೀಕರಿನಲ್ಲಿ ಆ ಸದ್ದು ಕೇಳಿಸಿದವಳು ಮೇಘನಾ, ಶುಕ್ರಗ್ರಹದ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ಥಾಣೆಯ ಹುಡುಗಿ. ಅಧ್ಯಕ್ಷತೆ ನನ್ನದು. (ವಯಸ್ಸೊಂದಾದರೆ ಸಾಕು, ನಮ್ಮಲ್ಲಿ ಅಧ್ಯಕ್ಷತೆ ತಾನಾಗಿಯೇ ಬರುತ್ತದೆ.)

ಮುಂದಿನ ಸಾಲಿನಲ್ಲಿ ಅವಳ ಅಜ್ಜಿ ಸಾವಿತ್ರಮ್ಮ. ಕುಂದಾಪುರದವರು, ಥಾಣೆಯ ಕಾರ್ಖಾನೆಗಳ ವಾಗ್ಳೆ ಎಸ್ಟೇಟಿನಲ್ಲಿ ಗಂಡನ ಜೊತೆ ಕ್ಯಾಂಟೀನ್ ನಡೆಸಿದವರು. ಇಂಗ್ಲಿಷ್ ಬಾರದು; ಹಿಂದಿ ಗಿರಾಕಿಗಳ ಜೊತೆ ಚಹಾ-ತಿಂಡಿಯ ಲೆಕ್ಕಕ್ಕಷ್ಟೇ. ಮೊಮ್ಮಗಳು ದಿನವಿಡೀ ಏನು ಮಾಡುತ್ತಾಳೆಂದು ಇವತ್ತಾದರೂ ತಿಳಿಯುತ್ತದೆಂದು ಜರಿ ಸೀರೆ ಉಟ್ಟು ಬಂದಿದ್ದರು. ಹಿಂದಿಯಲ್ಲೇ ಬೆಳೆದ ಮೇಘನಾ ಅಜ್ಜಿಗಾಗಿ ಕನ್ನಡದಲ್ಲಿ ತಯಾರಾಗಿದ್ದಳು.

"ಈಗ ಕೇಳಿದ್ದು ಸ್ಪೇಸ್ ನೌಕೆಯ ಸಿಗ್ನಲ್. ನೌಕೆ ಶುಕ್ರನ ಪೀಛೆ... ಹಿಂದೆ ಹೋಗ್ತದೆ. ಆಗ ಅದರ ರೇಡಿಯೋ ಸಿಗ್ನಲ್ ಶುಕ್ರನ ಗಾಳಿ ಒಳಗಿಂದ ನಮಗೆ ಬರ್ತದೆ. ಬರುವಾಗ ಬಗ್ತದೆ, ವೀಕ್ ಆಗ್ತದೆ. ಎಷ್ಟು ಬಗ್ಗಿತು ನೋಡಿ... ಮತ್ಲಬ್... ಅಲ್ಲಿ ಗಾಳಿ ಎಷ್ಟು ದಪ್ಪ, ಎಷ್ಟು ಗರಮ್, ಇಲ್ಲೇ ಕೂತು ಹೇಳಬಹುದು!"

ಹಿಂದಿನಿಂದ ಕಿಸಕ್ಕನೆ ನಗು. "ಏನ್ ಕನ್ನಡಾನಪ್ಪಾ, ಭೇಲ್‌ಪುರಿ!"

ನನಗೆ ಪಾಪ ಅನ್ನಿಸಿತು. ಅಥವಾ ನನ್ನ ಕಾನ್ವೆಂಟ್ ಇಂಗ್ಲಿಷನ್ನು ಮೈಕಿನಲ್ಲಿ ಕೇಳಿಸುವ ಚಪಲವೋ? "ಮೈ ಡಿಯರ್ ಚೈಲ್ಡ್, ಇಂಗ್ಲಿಷ್‌ನಲ್ಲೇ ಹೇಳಮ್ಮ. ವಿ ಆಲ್ ಅಂಡರ್‌ಸ್ಟ್ಯಾಂಡ್."

ಆಲ್! ಮುಂದಿನ ಸಾಲು ನನಗೆ ಕಾಣಲೇ ಇಲ್ಲವೇ?

ಮೇಘನಾ ಒಮ್ಮೆ ಅಜ್ಜಿಯತ್ತ ನೋಡಿದಳು. ಇಂಗ್ಲಿಷಿಗೆ ಹೊರಳಿದಳು. ಫ್ಲುಯೆಂಟ್, ಬ್ರಿಲಿಯಂಟ್. ಚಪ್ಪಾಳೆ. ಸಾವಿತ್ರಮ್ಮನೂ ತಟ್ಟಿದರು, ಉಳಿದವರು ಶುರುಮಾಡಿದ ಮೇಲೆ.

ಹೋದ ವಾರ ಅವರು ತೀರಿಕೊಂಡರು. ಮನೆಗೆ ಹೋಗಿದ್ದೆ. "ಆಮೇಲೆ ಅಜ್ಜಿಗೆ ಹೇಳಿದೆ ತಾನೇ?" ಎಂದು ಮೇಘನಾಳನ್ನು ಕೇಳಿದೆ.

"ಅಜ್ಜಿ ಕೇಳಿದ್ರು ಆಂಟಿ, ಬಹುತ್ ಬಾರ್, ತುಂಬಾ ಸಲ. ಲೇಕಿನ್ ನನ್ನ ಕನ್ನಡ... ನೀವೇ ಸ್ಟಾಪ್ ಮಾಡಿದ್ರಲ್ಲ. ಫಿರ್ ಹಿಮ್ಮತ್... ಧೈರ್ಯ ಬರ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಾವಿತ್ರಮ್ಮನನ್ನು ನಾನು ಕೊನೆಯ ಬಾರಿ ಕಂಡದ್ದು ರಾಜ್ಯೋತ್ಸವದ ಆ ಸಂಜೆಯೇ, ಡೊಂಬಿವಲಿ ಸ್ಟೇಷನ್ನಿನ ಬೆಂಚಿನ ಮೇಲೆ. ಮೇಘನಾ ಟಿಕೆಟ್ ತರಲು ಹೋಗಿದ್ದಳು. ಅಜ್ಜಿ ನನ್ನ ಪಕ್ಕಕ್ಕೆ ಸರಿದರು. "ಅಮ್ಮಾ, ನೀವು ಕಲ್ತವ್ರು. ನಮ್ಮ ಹೆಣ್ಣು ಎಂತ ಹೇಳಿದ್ದು? ಚೂರು ಹೇಳಿ ಕಾಂಬ."

ನನಗೆಲ್ಲ ಅರ್ಥವಾಗಿತ್ತು. ಇಂಗ್ಲಿಷಿನಲ್ಲಿ. "ಅದೂ... ಶುಕ್ರನ ಅಟ್ಮಾಸ್ಫಿಯರ್... ಸಿಗ್ನಲ್ ರಿಫ್ರ್ಯಾಕ್ಟ್ ಆಗಿ..." ಅಷ್ಟೇ. ಇಷ್ಟು ವರ್ಷ ನಿಮಗೆ ಕನ್ನಡದಲ್ಲಿ ಅಂಕಣ ಬರೆದವಳ ಬಾಯಲ್ಲಿ ಮುಂದಿನ ಮಾತು ಹೊರಡಲಿಲ್ಲ.

ಮೇಘನಾ ಟಿಕೆಟ್ ಹಿಡಿದು ಓಡಿಬಂದಳು. ಥಾಣೆಯ ಲೋಕಲ್ ಬಂತು. ಸಾವಿತ್ರಮ್ಮ ನನ್ನ ಕೈ ಮೃದುವಾಗಿ ತಟ್ಟಿ ಎದ್ದರು.

"ಹೋಗ್ಲಿ ಬಿಡಿ ಅಮ್ಮಾ, ನಾಚಿಕೆ ಎಂತಕ್ಕೆ? ನಿಮಗೂ ಗೊತ್ತಾಗ್ಲಿಲ್ಲ, ಅಲ್ದಾ?"