ಕಂದಾಯ ಅರ್ಧ ಎಂದವರು ನಮ್ಮವರು

ನಮ್ಮವರ ಕೆಲಸ ಊರಿಗೆ ಸುದ್ದಿ ಹೇಳುವುದು. ಒಂದು ಹಳೇ ವ್ಯಾನು, ಅದರ ನೆತ್ತಿಯ ಮೇಲೆ ಎರಡು ಸ್ಪೀಕರು, ಪಕ್ಕದ ಸೀಟಿನಲ್ಲಿ ಬ್ಯಾಟರಿ. ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದು ಕೈಯಲ್ಲಿ ಮೈಕು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಮಗು ಕಾಣೆಯಾಗಿದೆ, ಚಪ್ಪಲಿ ಅಂಗಡಿಯಲ್ಲಿ ರಿಯಾಯಿತಿ, ಇಂಥವರು ತೀರಿಕೊಂಡರು. ಏನಿದ್ದರೂ ಅವರ ಬಾಯಿಂದಲೇ ಊರಿಗೆ ತಿಳಿಯಬೇಕು. ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಮೈಕಣ್ಣ. ನಾನು ಮೈಕಣ್ಣನ ಹೆಂಡತಿ. ಈಗ ಅವರಿಲ್ಲ, ನನ್ನನ್ನು ಮಾತ್ರ ಇನ್ನೂ ಹಾಗೇ ಕರೆಯುತ್ತಾರೆ.

ಬೀದಿಯಲ್ಲಿ ಅಷ್ಟು ಮಾತಾಡುವ ಮನುಷ್ಯ ಮನೆಗೆ ಬಂದರೆ ಮೂಕ. ಗಂಟಲು ಉಳಿಸಿಕೊಳ್ಳಬೇಕು ಅಂತ ಕೈಸನ್ನೆ ಮಾಡುವರು. ನೀರು ಬೇಕಾದರೆ ಲೋಟ ಎತ್ತಿ ತೋರಿಸುವುದು, ದೀಪ ಆರಿಸಬೇಕಾದರೆ ಬಲ್ಬಿನ ಕಡೆ ಗಲ್ಲ ಎತ್ತುವುದು.

"ಊರಿಗೆಲ್ಲ ಮಾತು, ನನಗೆ ಸನ್ನೆ. ನಾನೇನು ಕಿವುಡೀನಾ?" ಅನ್ನುತ್ತಿದ್ದೆ.

"ಊರಿಗೆ ಕೊಡೋದು ಬಾಡಿಗೆ ಮಾತು ಕಣೆ. ನಿನಗೆ ಬಿಟ್ಟಿ ಕೊಟ್ರೆ ಬೆಲೆ ಇರಲ್ಲ" ಅನ್ನುವರು. ಅಷ್ಟು ಹೇಳಿ ಮತ್ತೆ ಬಾಯಿ ಮುಚ್ಚುವರು.

ಅವರಿಗೆ ಒಂದು ನೇಮ ಇತ್ತು. ಯಾರು ಏನೇ ಹೇಳಿ ಅಂದರೂ ಮೊದಲು ತಾವೇ ಹೋಗಿ ವಿಚಾರಿಸುತ್ತಿದ್ದರು. ಮಗು ಕಾಣೆಯಾಗಿದೆ ಅಂದರೆ ಅದರ ಅಂಗಿಯ ಬಣ್ಣ ತಾಯಿಯನ್ನೂ ಕೇಳುವರು, ನೆರೆಯವರನ್ನೂ ಕೇಳುವರು. ಅಳುವವರಿಗೆ ಬಣ್ಣ ಸರಿಯಾಗಿ ನೆನಪಿರುವುದಿಲ್ಲ ಅನ್ನುವರು. ಒಂದು ಸಲ ಚಪ್ಪಲಿ ಅಂಗಡಿಯವನು ಅರ್ಧ ಬೆಲೆ ಅಂತ ಹೇಳಿಸಲು ಬಂದ. ಇವರು ಅಂಗಡಿಗೆ ಹೋಗಿ ಚಪ್ಪಲಿ ತಿರುಗಿಸಿ ಅಡಿಯಲ್ಲಿ ಅಂಟಿಸಿದ ಬೆಲೆ ನೋಡಿದರು. ಹಳೇ ಬೆಲೆಯ ಮೇಲೆ ಹೊಸ ಚೀಟಿ ಅಂಟಿಸಿತ್ತು.

"ಮೊನ್ನೆ ಏರಿಸಿ ಇವತ್ತು ಇಳಿಸಿದ್ದೀಯಲ್ಲೋ. ಬೇರೆಯವರ ಹತ್ರ ಹೇಳಿಸ್ಕೋ ಹೋಗು" ಅಂದು ವಾಪಸು ಬಂದರು.

ಅದಕ್ಕೇ ಜನ ನಂಬುತ್ತಿದ್ದರು. ಪ್ರತಿ ಸುದ್ದಿಯ ಕೊನೆಗೂ ಒಂದು ಮಾತು ಸೇರಿಸುವರು: "ಹೇಳ್ತಿರೋದು ಮೈಕಣ್ಣ. ವಿಚಾರಿಸಿಯೇ ಹೇಳ್ತಿದ್ದೀನಿ." ಸಂಬಳವಲ್ಲ, ಆ ಒಂದು ಮಾತೇ ಅವರ ಆಸ್ತಿ.

ಪುರಸಭೆಯ ಚುನಾವಣೆ ಬಂತು. ಮರದ ಡಿಪೋ ಇಟ್ಟಿದ್ದ ಸಾಹುಕಾರರು ನಿಂತರು. ಒಂದು ಬೆಳಿಗ್ಗೆ ನಮ್ಮ ಮನೆಗೇ ಬಂದರು. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಮಂಚದ ಕೆಳಗೆ ಬ್ಯಾಟರಿ ಚಾರ್ಜಿಗೆ ಹಾಕಿತ್ತು, ಆಸಿಡ್ಡಿನ ವಾಸನೆ. ಅವರು ಮೂಗು ಮುಚ್ಚಿಕೊಳ್ಳಲಿಲ್ಲ. ಕುರ್ಚಿ ಕೊಟ್ಟರೆ ಬೇಡ ಅಂದು ಮಂಚದ ತುದಿಯಲ್ಲೇ ಕೂತರು. ನಮ್ಮವರು ಅಲ್ಲೇ ಸೋತರು ಅಂತ ಕಾಣುತ್ತದೆ.

"ಮೈಕಣ್ಣ, ನಾನು ಗೆದ್ದರೆ ಮನೆ ಕಂದಾಯ ಅರ್ಧ. ಇದನ್ನ ಮನೆಮನೆಗೂ ಮುಟ್ಟಿಸಬೇಕು. ನಿನ್ನ ಬಾಯಲ್ಲೇ."

"ಅರ್ಧ ಅಂದ್ರೆ ಅರ್ಧವೇ ತಾನೇ ಸಾಹುಕಾರ್ರೇ?"

"ಅರ್ಧ ಅಂದ್ರೆ ಅರ್ಧ. ಆಮೇಲೆ ಮೂಗಿಗೆ ತುಪ್ಪ ಸವರೋ ಜಾತಿ ಅಲ್ಲ ನಾನು."

"ಅಂಗಡಿಗಳಿಗೂ?"

"ಅಂಗಡಿಗೂ ಮನೆಗೂ. ಇನ್ನೇನು ಕೇಳ್ಬೇಕು, ಕೇಳು."

ನಮ್ಮವರು ಯೋಚಿಸಿದರು. ಇನ್ನೇನೂ ಇಲ್ಲ ಅಂದರು.

ಡಿಪೋದ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವರ ದನಿ ರೆಕಾರ್ಡು ಮಾಡಿದರು, ಬೇರೆ ವ್ಯಾನುಗಳಲ್ಲೂ ಹಾಕಲು. ಆದರೂ ಇವರು ತಮ್ಮ ವ್ಯಾನಿನಲ್ಲಿ ಬಾಯಾರೆ ಹೇಳಿಕೊಂಡೇ ಸುತ್ತಿದರು. ಬೀದಿ ತುದಿಯಲ್ಲಿ ಹೊಲಿಗೆ ಅಕ್ಕನ ಅಂಗಡಿ. ಗಂಡ ಬಿಟ್ಟು ಹೋದ ಮೇಲೆ ಒಂದು ಮೆಷಿನ್ನಿನ ಮೇಲೆ ಬದುಕು ಕಟ್ಟಿಕೊಂಡವಳು. ಅಂಗಡಿ ಅವಳದೇ, ಒಂದು ಷಟರಿನಷ್ಟು ಅಗಲ. ನನಗೆ ಒಡಹುಟ್ಟಿದವಳ ಹಾಗೆ. ಅವಳು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ವ್ಯಾನು ನಿಲ್ಲಿಸಿದಳು.

"ಏನೋ ಮೈಕಣ್ಣ, ಅರ್ಧ ಆಗೋದು ನಿಜಾನಾ? ಈ ವರ್ಷದ್ದು ಕಟ್ಟೋದಾ, ತಡೆಯೋದಾ?"

"ಸಾಹುಕಾರ್ರು ನಮ್ಮನೆ ಮಂಚದ ಮೇಲೆ ಕೂತು ಹೇಳಿದ್ದಾರೆ. ತಡಿ ಅಕ್ಕ. ಅರ್ಧ ಆದ್ಮೇಲೆ ಕಟ್ಟು."

"ನೀನು ಹೇಳ್ತಿದ್ದೀಯ ಅಂತ ತಡೀತೀನಿ ನೋಡು. ಆ ಡಿಪೋದವನ ಮಾತಿಗೆ ನಾನು ಒಂದು ಗುಂಡಿನೂ ಹೊಲಿಯಲ್ಲ."

ನಮ್ಮ ಬೀದಿಯಲ್ಲಿ ಯಾರೂ ಆ ವರ್ಷ ಕಂದಾಯ ಕಟ್ಟಲಿಲ್ಲ. ಬೇರೆ ಬೀದಿಗಳವರು ಗೊಣಗಿಕೊಂಡು ಕಟ್ಟಿದರು. ಅವರು ಕೇಳಿದ್ದು ಬೇರೆ ವ್ಯಾನಿನ ರೆಕಾರ್ಡು, ಅದನ್ನು ಅರ್ಧ ಕಿವಿಯಲ್ಲಿ ಕೇಳಿದರು. ನಮಗೆ ನಮ್ಮವರೇ ಬಾಗಿಲಲ್ಲಿ ನಿಂತು ಹೇಳಿದ್ದರು.

ಸಾಹುಕಾರರು ಗೆದ್ದರು. ಪುರಸಭೆಗೆ ಅಧ್ಯಕ್ಷರೂ ಆದರು. ಕಾದೆವು. ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಅಂದರು. ಕೊನೆಗೂ ಆಯಿತು. ಕಂದಾಯ ಅರ್ಧ ಆಯಿತು, ಸುಳ್ಳಲ್ಲ. ಕಂದಾಯದ ಚೀಟಿಯ ಮೇಲಿನ ಸಾಲಿನಲ್ಲಿ ಅರ್ಧವೇ ಬರೆದಿತ್ತು. ಅದರ ಕೆಳಗೆ ಹೊಸ ಸಾಲುಗಳು ಬಂದಿದ್ದವು. ಕಸದ ಶುಲ್ಕ, ಬೀದಿ ದೀಪದ ಶುಲ್ಕ, ಚರಂಡಿ ಶುಲ್ಕ. ಎಲ್ಲ ಕೂಡಿದರೆ ಮೊದಲಿಗಿಂತ ಜಾಸ್ತಿ. ಹಳೇ ಬಾಕಿ ಇಟ್ಟವರಿಗೆ ಅರ್ಧವೂ ಇಲ್ಲ. ಹಳೇ ದರದಲ್ಲೇ ಪೂರ್ತಿ, ಮೇಲೆ ದಂಡ.

ಬೀದಿಯವರು ನಗೆಯಾಡಿದರು. ಹಾಲಿನವನು, "ಮೈಕಣ್ಣ ಹೇಳಿದ್ದು ನಿಜ ಕಣ್ರಪ್ಪ. ತಲೆ ಅರ್ಧ ಬೋಳಿಸಿದ್ರು, ಮಿಕ್ಕರ್ಧಕ್ಕೆ ಕ್ಷೌರದ ಶುಲ್ಕ ತಗೊಂಡ್ರು" ಅಂದ. ನಮ್ಮವರೂ ನಕ್ಕರು. ಮನೆಗೆ ಬಂದು ಚೀಟಿಯನ್ನು ಮಡಿಚುವುದು, ಬಿಚ್ಚುವುದು. ಊಟಕ್ಕೆ ಕರೆದರೆ ಕೈಯಲ್ಲೇ ಬೇಡ ಅಂದರು.

ಹೊಲಿಗೆ ಅಕ್ಕನಿಗೆ ದಂಡ ಕಟ್ಟಲು ಆಗಲಿಲ್ಲ. ಪುರಸಭೆಯವರು ಬಂದು ಷಟರು ಎಳೆದು ಬೀಗ ಹಾಕಿ, ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮೊಹರು ಹಾಕಿದರು. ಮೆಷಿನ್ನು ಒಳಗೆ, ಅವಳು ಹೊರಗೆ. ಯಾರದೋ ಮದುವೆಯ ಬಟ್ಟೆಯೂ ಒಳಗೇ ಉಳಿಯಿತು. ಅವಳು ಕೂಗಾಡಲಿಲ್ಲ. ಅಲ್ಲೇ ನಿಂತಿದ್ದ ನಮ್ಮವರ ಕಡೆ ನೋಡಲೂ ಇಲ್ಲ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು, ಹಾಗೇ ನಡೆದು ಹೋದಳು. ಪೇಟೆಯ ಆ ಕಡೆ ದೊಡ್ಡ ಅಂಗಡಿಯಲ್ಲಿ ಕೂಲಿಗೆ ಹೊಲಿಯಲು ಸೇರಿದಳು. ಮಾತು ನಿಂತಿತು. ನನ್ನ ಜೊತೆಯೂ.

ಬೀಗ ಬಿದ್ದ ಮಾರನೇ ದಿನ ನಮ್ಮವರು ಡಿಪೋಗೆ ಹೊರಟರು. ಮುಖ ಕಪ್ಪಿಟ್ಟಿತ್ತು. ನಾನೂ ಜೊತೆಗೆ ಹೋದೆ. ಮರದ ದಿಮ್ಮಿಗಳ ನಡುವೆ ಮೇಜು ಹಾಕಿಕೊಂಡು ಸಾಹುಕಾರರು ಕೂತಿದ್ದರು. ಗರಗಸದ ಸದ್ದು. ನಿಲ್ಲಿಸಿ ಅಂತ ಯಾರಿಗೂ ಹೇಳಲಿಲ್ಲ.

"ಅರ್ಧ ಮಾಡಿಲ್ವೇನೋ?" ಅಂದರು, ಇವರು ಬಾಯಿ ಬಿಡುವ ಮುಂಚೆಯೇ.

"ಮಾಡಿದ್ದೀರಿ."

"ಮತ್ತೇನು ತಕರಾರು?"

"ಜನ ಮೊದಲಿಗಿಂತ ಜಾಸ್ತಿ ಕಟ್ತಿದ್ದಾರೆ."

"ಅದು ಕಂದಾಯ ಅಲ್ಲಪ್ಪ, ಶುಲ್ಕ. ಕಸ ಎತ್ತೋದು ಬೇಡ್ವಾ? ದೀಪ ಉರಿಯೋದು ಬೇಡ್ವಾ?"

"ಅವತ್ತು ಮನೆಗೆ ಬಂದಾಗ ಶುಲ್ಕದ ಮಾತು ಎತ್ತಲಿಲ್ಲ ನೀವು."

ಸಾಹುಕಾರರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು.

"ಇನ್ನೇನು ಕೇಳ್ಬೇಕು ಕೇಳು ಅಂದೆ. ನೀನು ಕೇಳಲಿಲ್ಲವಲ್ಲ ಮೈಕಣ್ಣ."

ಅಷ್ಟೇ. ನಮ್ಮವರು ತಿರುಗಿ ನಡೆದರು. ದಾರಿಯಲ್ಲಿ ನಾನು, "ಅವನ ಬುದ್ಧಿಗೆ ನೀವೇನು ಮಾಡ್ತೀರಿ ಬಿಡಿ, ಆಡಿದ್ದು ಅವನು" ಅಂದೆ.

"ಆಡಿದ್ದು ನಾನು. ಚಪ್ಪಲಿ ತಿರುಗಿಸಿ ನೋಡಿದವನು ಇದನ್ನ ತಿರುಗಿಸಿ ನೋಡಲಿಲ್ಲ" ಅಂದರು.

ಆಮೇಲೆ ಕೆಲಸ ಬಿಡಲಿಲ್ಲ. ನೀರಿನ ಸುದ್ದಿ, ಸಾವಿನ ಸುದ್ದಿ, ಎಲ್ಲ ಹೇಳಿದರು. ಕೊನೆಯ ಮಾತೊಂದನ್ನು ಬಿಟ್ಟರು. ಹೆಸರು ಹೇಳುವುದಿಲ್ಲ, ವಿಚಾರಿಸಿದ್ದೇನೆ ಅನ್ನುವುದಿಲ್ಲ. ಹಾಲಿನವನು, "ಏನಣ್ಣ, ಈಗ ನೀನು ಹೇಳ್ತಿಲ್ವಾ, ಬರೀ ಮೈಕ್ ಹೇಳ್ತಿದೆಯಾ?" ಅಂದ. ಹೌದು ಅನ್ನುವಂತೆ ತಲೆಯಾಡಿಸಿದರು. ಅರಗು ಹಾಕಿದ ಆ ಷಟರು ಕಣ್ಣಿಗೆ ಬೀಳಬಾರದು ಅಂತ ಬೀದಿ ತುದಿಗೆ ಹೋಗದೆ ಹಿಂದಿನಿಂದ ಬಳಸಿಕೊಂಡು ಹೋಗುವರು. ಪೆಟ್ರೋಲು ಸುಮ್ಮನೆ ಹಾಳು ಅಂತ ನಾನು ಒಂದು ಸಲವೂ ಅನ್ನಲಿಲ್ಲ.

ಒಂದು ಮಧ್ಯಾಹ್ನ ವ್ಯಾನಿನ ಚಕ್ರ ಬಿಚ್ಚುತ್ತಾ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಹೃದಯ ಅಂದರು ಆಸ್ಪತ್ರೆಯಲ್ಲಿ. ಊರಲ್ಲಿ ಯಾರು ಸತ್ತರೂ ಹೇಳುತ್ತಿದ್ದವರು ಅವರು. ಅವರು ಸತ್ತರು ಅಂತ ಹೇಳಲು ಯಾರೂ ಮೈಕು ಹಿಡಿಯಲಿಲ್ಲ. ಬಾಯಿಂದ ಬಾಯಿಗೆ ಹೋಗುವುದು ತಡವಾಯಿತು. ತುಂಬ ಜನಕ್ಕೆ ಮಣ್ಣಾದ ಮೇಲೆ ತಿಳಿಯಿತು. ಹೊಲಿಗೆ ಅಕ್ಕ ಬರಲಿಲ್ಲ.

ಮತ್ತೆ ಚುನಾವಣೆ ಬಂತು. ಪಾತ್ರೆ ತೊಳೆಯುತ್ತಿದ್ದೆ. ದೂರದಿಂದ ನಮ್ಮವರ ದನಿ ಬಂತು. "ಮಹಾಜನರೇ, ಮನೆ ಕಂದಾಯ ಅರ್ಧ." ಬದುಕಿ ಬಂದರು ಅಂದುಕೊಂಡೆ ಅಂತ ಬರೆದರೆ ಸುಳ್ಳಾಗುತ್ತದೆ. ಸತ್ತಿದ್ದಾರೆ ಅಂತ ಗೊತ್ತಿತ್ತು. ಆದರೂ ಕೈ ಒರೆಸಿಕೊಂಡು ಬಾಗಿಲಿಗೆ ಓಡಿದೆ. ಸಾಹುಕಾರರ ವ್ಯಾನು. ಡ್ರೈವರು ನಡುವಯಸ್ಸಿನವನು, ಗುರುತಿಲ್ಲದವನು.

"ಇದನ್ನ ಯಾಕಪ್ಪ ಹಾಕಿದ್ದೀರಿ?"

"ಈ ಸಲಾನೂ ಅರ್ಧ ಮಾಡ್ತಾರಂತೆ ಅಮ್ಮ. ಅದೇ ಮಾತು ತಾನೇ, ಹೊಸದಾಗಿ ಯಾರ ಕೈಲಿ ಹೇಳಿಸೋದು ಅಂತ ಹಳೇದನ್ನೇ ಹಾಕಿದ್ರು. ದನಿ ಚೆನ್ನಾಗಿದೆ, ಜನ ನಿಂತು ಕೇಳ್ತಾರೆ."

ಆ ದಿನ ನಾನು ಅವನನ್ನು ತಡೆಯಲಿಲ್ಲ. ನಮ್ಮ ಮನೆಯಲ್ಲಿ ಅವರ ದನಿ ಎಲ್ಲೂ ಇಲ್ಲ. ಫೋಟೋ ಇದೆ, ಅಂಗಿ ಇದೆ, ದನಿ ಇಲ್ಲ. ಎಲ್ಲ ಸನ್ನೆಯಲ್ಲೇ ಕಳೆದರು. ವ್ಯಾನು ಯಾವ ಬೀದಿಯಲ್ಲಿದೆ ಅಂತ ಕಿವಿಯಲ್ಲೇ ಹಿಂಬಾಲಿಸುತ್ತಾ ಪಾತ್ರೆ ಅಲ್ಲೇ ಬಿಟ್ಟು ಕೂತೆ. ಮಾರನೇ ದಿನವೂ ಬಾಗಿಲಲ್ಲೇ ಕಾದೆ.

ವ್ಯಾನು ಬಂತು. ಎದುರು ಮನೆಗೆ ಹೊಸದಾಗಿ ಬಂದ ಸಂಸಾರದ ಹೆಂಗಸು ಗಂಡನಿಗೆ ಹೇಳುವುದು ಕೇಳಿಸಿತು. "ಕೇಳಿದ್ರಾ, ವಿಚಾರಿಸಿಯೇ ಹೇಳ್ತಿದ್ದೀನಿ ಅಂತಿದ್ದಾರೆ. ಈ ವರ್ಷದ್ದು ಈಗ್ಲೇ ಯಾಕೆ ಕಟ್ಟೋದು, ತಡೆಯೋಣ."

ನನಗೆ ಬೀದಿ ತುದಿಯ ಅರಗು ಕಣ್ಣಿಗೆ ಕಟ್ಟಿತು. ಚಪ್ಪಲಿಯನ್ನೂ ಮೆಟ್ಟದೆ ಇಳಿದೆ. ವ್ಯಾನಿನ ಮುಂದೆ ಹೋಗಿ ನಿಂತು ಎದುರು ಮನೆಯವಳಿಗೆ ಹೇಳಿದೆ: "ಇವರು ನನ್ನ ಗಂಡ. ಸತ್ತಿದ್ದಾರೆ. ಈ ಮಾತು ಅವರು ಈಗ ಹೇಳ್ತಿಲ್ಲ. ನಿಮ್ಮ ಕಂದಾಯ ಕಟ್ಕೊಳ್ಳಿ."

ಡ್ರೈವರು ಹಾರ್ನು ಹೊಡೆದ. ನಾನು ಸರಿಯಲಿಲ್ಲ. ವ್ಯಾನಿನ ಮುಂದೆ ನಡೆದುಕೊಂಡೇ ಹೋದೆ. ಬಾಗಿಲಲ್ಲಿ ಜನ ಕಂಡ ಕಡೆಯಲ್ಲೆಲ್ಲ ಅದನ್ನೇ ಹೇಳಿದೆ. ಸ್ಪೀಕರಿನಲ್ಲಿ ಅವರ ದನಿ, ಕೆಳಗೆ ನನ್ನದು. ಅವರದರ ಮುಂದೆ ನನ್ನದು ಎಲ್ಲಿ ಕೇಳಿಸಬೇಕು. ಆದರೂ ಹೇಳಿದೆ. ಕೆಲವರು ಹುಚ್ಚು ಹಿಡಿದಿದೆ ಅಂದರು. ಒಬ್ಬ ಮುದುಕ ಟೋಪಿ ತೆಗೆದು ನಿಂತ.

ಸಾಹುಕಾರರು ಫೋನಿನಲ್ಲೇ ಗದರಿ ವ್ಯಾನು ವಾಪಸು ಕರೆಸಿಕೊಂಡರು. ನಾನೂ ಹಿಂದೆಯೇ ಡಿಪೋಗೆ ಹೋದೆ.

"ಏನಮ್ಮ ಇದು? ಸತ್ತ ಮೇಲೂ ಊರಲ್ಲಿ ಅವನ ದನಿ ಕೇಳಿಸ್ತಿದೆ. ಹೆಮ್ಮೆ ಪಡೋದು ಬಿಟ್ಟು ಬೀದಿ ರಂಪ ಮಾಡ್ತೀಯ."

"ಅಳಿಸಿ."

"ಮೈಕಣ್ಣ ಇದ್ದಿದ್ರೆ ಬೇಡ ಅಂತಿರಲಿಲ್ಲ."

"ಇದ್ದಿದ್ರೆ ಈ ಸಲ ಕೇಳ್ತಿದ್ರು. ಕಸಕ್ಕೆಷ್ಟು, ದೀಪಕ್ಕೆಷ್ಟು, ಅಂತ ಒಂದೊಂದೂ ಕೇಳ್ತಿದ್ರು. ಅಳಿಸಿ. ಇಲ್ಲದಿದ್ರೆ ನಾಳೆಯೂ ನಡೀತೀನಿ. ನನಗೇನು ಬೇರೆ ಕೆಲಸ ಇಲ್ಲ."

ಚುನಾವಣೆಯ ಹೊತ್ತಿನಲ್ಲಿ ರಂಪ ಬೇಡ ಅನ್ನಿಸಿರಬೇಕು, ಹಿಂದಿನ ಕೋಣೆಯ ಕಂಪ್ಯೂಟರಿನವನಿಗೆ ಹೇಳಿ ಕಳಿಸಿದರು. ಅವನು ಒಳ್ಳೆಯವನು. ನನಗೆ ಕುರ್ಚಿ ಎಳೆದು ಕೊಟ್ಟ.

"ಅಮ್ಮ, ಅಳಿಸೋ ಮುಂಚೆ ನಿಮಗೆ ಒಂದು ಕಾಪಿ ಹಾಕಿ ಕೊಡ್ಲಾ? ಆಮೇಲೆ ಬೇಕು ಅಂದ್ರೆ ಸಿಗಲ್ಲ."

ಬೇಕು ಅನ್ನುವುದು ನಾಲಿಗೆಯ ತುದಿಗೆ ಬಂತು. ಅದರಲ್ಲಿ ಇರುವುದು ಕಂದಾಯ ಅರ್ಧ ಅನ್ನುವ ಆ ಒಂದು ಮಾತೇ. ಅದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಆ ಮಾತಿಗೇ ಅಲ್ಲವೇ ಅವರು ಊಟ ಬಿಟ್ಟದ್ದು. ಮನೆಯಲ್ಲಿ ಇಟ್ಟುಕೊಂಡು ದಿನಾ ಅವರ ಬಾಯಲ್ಲಿ ಅದನ್ನೇ ಹೇಳಿಸಬೇಕೇ.

"ಒಂದು ಸಲ ಹಾಕಪ್ಪ. ಪೂರ್ತಿ" ಅಂದೆ.

ಹಾಕಿದ. ಶುರುವಿಗೆ ಒಂದು ಕೆಮ್ಮು ಇತ್ತು, ಗಂಟಲು ಸರಿ ಮಾಡಿಕೊಂಡದ್ದು. ಸ್ಪೀಕರಿನಲ್ಲಿ ಅದು ಕೇಳಿಸಿರಲಿಲ್ಲ. ಮುಗಿಯುವ ತನಕ ಕೂತಿದ್ದೆ. ಮುಗಿಯಿತು. ಅಳಿಸು ಅಂದೆ, ವ್ಯಾನಿನಲ್ಲಿ ಇರುವುದನ್ನೂ. ಅಳಿಸಿದ.

ಆ ಸಂಜೆ ಹೊಲಿಗೆ ಅಕ್ಕ ಬಂದಳು. ಬೀದಿಯಲ್ಲಿ ನಡೆದದ್ದು ಪೇಟೆಯ ಆ ಕಡೆಗೂ ಮುಟ್ಟಿತ್ತು. ಬಾಗಿಲಲ್ಲೇ ನಿಂತಿದ್ದವಳನ್ನು ಒಳಗೆ ಕರೆದೆ. ನೆಲದ ಮೇಲೆ ಕೂತಳು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಅಂದಳು.

"ಮೈಕಣ್ಣ ಮೋಸ ಮಾಡಿದ ಅಂತ ನಾನು ಯಾರ ಹತ್ರಾನೂ ಯಾವತ್ತೂ ಅಂದಿಲ್ಲ ಕಣೆ" ಅಂದಳು. "ಅವನೂ ಮೋಸ ಹೋದ, ನಾನೂ ಹೋದೆ. ನನಗೆ ಗೊತ್ತಿತ್ತು. ಮುಖ ನೋಡೋಕೆ ಆಗ್ತಿರಲಿಲ್ಲ, ಅಷ್ಟೇ."

"ಅದನ್ನ ಅವರಿಗೆ ಹೇಳ್ಬೇಕಿತ್ತು ಅಕ್ಕ."

"ಹೇಳ್ಬೇಕಿತ್ತು."

"ಅವರು ಅದೊಂದಕ್ಕೇ ಕಾದಿದ್ರು."

ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಳು. ಒಂದು ಲೋಟ ನೀರು ತಂದು ಮುಂದಿಟ್ಟೆ. ಕತ್ತಲಾಗುವ ಮುಂಚೆ ಎದ್ದು ಹೋದಳು. ನಾನು ತಡೆಯಲಿಲ್ಲ.