ಕಾಕ ಬರೆದ ಸೈಕಲ್ ದಾರಿ

ಕಳೆದ ವಾರ ಪಕ್ಕದ ಅಂಗಡಿಯವರು ಜಗಲಿಯಲ್ಲಿ ಕೂತು ಮಗಳ ಸೈಕಲಿನ ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ಸೊಲ್ಯೂಷನ್ನಿನ ಕಟುವಾದ ವಾಸನೆ ನನ್ನ ಅಂಗಡಿಯೊಳಗೂ ಬಂತು. ಟೈಪು ಮಾಡುತ್ತಿದ್ದ ಕೈ ನಿಂತಿತು. ಅದೇ ವಾಸನೆಯ ಬೆರಳುಗಳಿಂದ ನನ್ನ ಮೇಜಿನ ಮೇಲೆ ಹಾಳೆಗಳನ್ನು ಇಡುತ್ತಿದ್ದವರು ಕಾಕ...

ಅದು ತೊಂಬತ್ತರ ದಶಕದ ಕೊನೆ. ಮೆಲ್ಕಾರಿನಲ್ಲಿ ನಾನು ಆಗಷ್ಟೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ ಕೆಲಸ ಶುರು ಮಾಡಿದ್ದೆ. ಕಾಕ ಪಾಣೆಮಂಗಳೂರಿನ ಬ್ಯಾರಿ ಮನೆಯವರು. ಸಂಬಂಧಿಕರಲ್ಲ, ಊರಿನವರೆಲ್ಲ ಕರೆಯುತ್ತಿದ್ದ ಹಾಗೆ ನಾನೂ ಕರೆಯುತ್ತಿದ್ದೆ. ಗಲ್ಫಿನಲ್ಲಿ ಬಹಳ ಕಾಲ ಟ್ಯಾಂಕರ್ ಓಡಿಸಿ ಬಂದವರು. ಅಲ್ಲಿನ ಮರುಭೂಮಿಯ ರಸ್ತೆಯಲ್ಲಿ ಒಮ್ಮೆ, ಗಂಟುಮೂಟೆ ಕಟ್ಟಿಕೊಂಡು ಸೈಕಲಿನಲ್ಲಿ ದೇಶ ಸುತ್ತುತ್ತಿದ್ದ ವಿದೇಶೀ ದಂಪತಿಗೆ ನೀರು ಕೊಟ್ಟಿದ್ದರಂತೆ. ಅವರ ಹತ್ತಿರ ಒಂದು ತೆಳು ಪುಸ್ತಕ. ಎಲ್ಲಿ ತಿರುಗಬೇಕು, ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಮಲಗಬಹುದು, ಎಲ್ಲವೂ ಅದರಲ್ಲಿ.

"ಅಂಥದ್ದೊಂದು ನಮ್ಮ ಊರಿಗೆ ಯಾಕಿಲ್ಲ ಮಗಳೇ? ನಾನು ಬರೀತೇನೆ. ನೀನು ಟೈಪು ಮಾಡಿ ಕೊಡು" ಎಂದರು.

ಹೆದ್ದಾರಿಯನ್ನು ಆದಷ್ಟು ಬಿಟ್ಟು, ಬಂಟ್ವಾಳದ ಹೊಳೆಬದಿಯಿಂದ ಒಳದಾರಿಗಳಲ್ಲೇ ಬೆಳ್ತಂಗಡಿ, ಅಲ್ಲಿಂದ ವೇಣೂರಿನ ಕಡೆಯಿಂದ ಮೂಡುಬಿದಿರೆ, ಕೊನೆಗೆ ಬೆಳುವಾಯಿ. ಮಳೆಗಾಲ ಮುಗಿದ ಮೇಲೆ ಕಾಕ ದಾರಿ ನೋಡಲು ಸೈಕಲಿನಲ್ಲಿ ಹೊರಡುತ್ತಿದ್ದರು. ಕ್ಯಾರಿಯರಿನಲ್ಲಿ ಚಾಪೆ, ಹ್ಯಾಂಡಲಿನಲ್ಲಿ ನೀರಿನ ಕ್ಯಾನು. ಟೈಪು ಮಾಡಿ ಮುಗಿಸಿದ ಪುಟವನ್ನು ಮರುವಾರ ಬಂದು ತಿದ್ದಿಸುವರು. "ಬಲಕ್ಕೆ ತಿರುಗಿ ಅಂತ ಬರೆದಿದ್ದೆನಲ್ಲ, ಅಲ್ಲಿ ಎರಡು ಬಲ ಉಂಟು ಮಾರಾಯ್ತಿ." ಇಬ್ಬರೂ ನಗುತ್ತಿದ್ದೆವು.

ಪುಸ್ತಕ ಬಂತು. ಮಂಗಳೂರು, ಉಡುಪಿಯಿಂದ ಹುಡುಗರು ಗುಂಪಾಗಿ ಬರತೊಡಗಿದರು. ಹೊರಡುವ ಮೊದಲು ಕಾಕನ ಜೊತೆ ಚಹಾ ಕುಡಿಯುತ್ತಿದ್ದರು. ಆ ದಿನಗಳಲ್ಲಿ ಕಾಕ ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕುತ್ತಿದ್ದರು.

ಒಂದು ಆಷಾಢದಲ್ಲಿ ಮೈಸೂರಿನ ಕಾಲೇಜು ಹುಡುಗನೊಬ್ಬ ಪುಸ್ತಕ ಹಿಡಿದುಕೊಂಡು ಒಬ್ಬನೇ ಬಂದ. ಬಂದದ್ದು ನಮಗೆ ಗೊತ್ತೇ ಇರಲಿಲ್ಲ. ವೇಣೂರಿನ ಈಚೆ, ಅಡಿಕೆ ಮರ ಕಡಿದು ಹಾಸಿದ ಒಂದು ಕಾಲುಸಂಕದಲ್ಲಿ ಸೈಕಲ್ ತಳ್ಳಿಕೊಂಡು ದಾಟುವಾಗ ಮರ ಮುರಿಯಿತು. ಕೆಳಗೆ ಹೊಳೆ ತುಂಬಿ ಹರಿಯುತ್ತಿತ್ತು. ಮರುದಿನ ಹೆಣ ಸಿಕ್ಕಿತು. ಬ್ಯಾಗಿನಲ್ಲಿದ್ದ ಪುಸ್ತಕದ ಹಿಂಬದಿಯಲ್ಲಿ ನನ್ನ ಅಂಗಡಿಯ ವಿಳಾಸ ನೋಡಿ ಪೊಲೀಸರು ಬಂದರು. ಕೇಳಿಕೊಂಡು ಹೋದರು, ಅಷ್ಟೇ. ಯಾರೂ ಕಾಕನನ್ನು ದೂರಲಿಲ್ಲ.

"ಸೈಕಲ್ ತಳ್ಳಿಕೊಂಡು ದಾಟಬಹುದು ಅಂತ ಬರೆದದ್ದು ನಾನೇ ಅಲ್ವಾ" ಎಂದರು ಕಾಕ. "ಮಳೆಗಾಲದಲ್ಲಿ ಯಾರು ಬರ್ತಾರೆ ಅಂತ ಎಣಿಸಿದ್ದೆ."

ಹುಡುಗನ ಮನೆಗೆ ಹೋಗಬೇಕೆಂದು ಹಟ ಹಿಡಿದರು. ಒಬ್ಬರೇ ಹೋಗಲು ಧೈರ್ಯವಾಗದೆ ನನ್ನನ್ನು ಕರೆದರು. ಹುಡುಗನ ತಂದೆ ನಮ್ಮನ್ನು ಕೂರಿಸಿ ನೀರು ಕೊಟ್ಟರು. ಬೈಯುತ್ತಾರೆಂದು ನಾವು ಕಾದಿದ್ದೆವು. ಅವರು ಕೇಳಿದ್ದು ಬೇರೆ.

"ಅವನು ಹೋದ ದಾರಿ ಹೇಗಿತ್ತು? ಸ್ವಲ್ಪ ಹೇಳ್ತೀರಾ?"

ಕಾಕ ಹೊಳೆಬದಿಯಿಂದ ಶುರು ಮಾಡಿದರು. ಏರು, ಇಳಿಜಾರು, ನೆರಳಿನ ತಿರುವುಗಳು, ಹೋಟೆಲಿನ ಬನ್ಸು... ತಂದೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸಂಕದ ಹತ್ತಿರ ಬಂದಾಗ ಕಾಕನ ಮಾತು ನಿಂತಿತು.

"ಆಚೆ ಏನಿದೆ?" ಎಂದರು ತಂದೆ.

ಕಾಕ ಹೇಳಿದರು, "ಆಚೆ ಗದ್ದೆ ಉಂಟು. ಮತ್ತೆ ಒಂದು ಉದ್ದ ಇಳಿಜಾರು. ಪೆಡಲು ತುಳಿಯುವುದೇ ಬೇಡ."

ತಂದೆ ತಲೆಯಾಡಿಸಿದರು.

ಊರಿಗೆ ಬಂದ ಮೇಲೆ ಕಾಕ ಅಂಗಡಿ ಅಂಗಡಿಗೆ ಹೋಗಿ ಉಳಿದ ಪ್ರತಿಗಳನ್ನೆಲ್ಲ ವಾಪಸು ತಂದರು. ಕೊಂಡವರ ಮನೆಗಳಿಗೂ ಹೋದರಂತೆ. "ಎಚ್ಚರಿಕೆ ಸೇರಿಸಿ ಮತ್ತೆ ಪ್ರಿಂಟ್ ಮಾಡಿಸುವಾ, ಕಾಕ" ಎಂದೆ. ಅವರು ನನ್ನ ಪ್ರತಿಗೂ ಕೈ ಚಾಚಿದರು. ಕೊಟ್ಟೆ. ಆಮೇಲೆ ಅವರು ಸೈಕಲ್ ಹತ್ತಿದ್ದನ್ನು ನಾನು ನೋಡಲಿಲ್ಲ. ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರಾದರೂ ದಾರಿ ಕೇಳಿದರೆ, ಕಲ್ಲಡ್ಕಕ್ಕೇ ಆದರೂ ಸರಿ, "ನನಗೆ ಗೊತ್ತಿಲ್ಲ" ಎನ್ನುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ತೀರಿಕೊಂಡರು.

ಈಗ ಆ ಹೊಳೆಗೆ ಕಾಂಕ್ರೀಟಿನ ಸೇತುವೆ ಆಗಿದೆ. ಸೈಕಲಿನವರು ಫೋನು ನೋಡಿಕೊಂಡು ನನ್ನ ಅಂಗಡಿಯ ಮುಂದೆಯೇ ಹೆದ್ದಾರಿ ಹಿಡಿದು ಹೋಗುತ್ತಾರೆ. ಕರೆದು ಒಳದಾರಿ ಹೇಳೋಣವೆಂದರೆ, ಬೆಳ್ತಂಗಡಿಯಿಂದ ಮುಂದೆ ನನಗೇ ದಾರಿ ಹೊಳೆಯುವುದಿಲ್ಲ. ಇಡೀ ಪುಸ್ತಕ ಟೈಪು ಮಾಡಿದವಳು ನಾನು. ಒಂದು ವಾಕ್ಯವೂ ಪೂರ್ತಿ ನೆನಪಿಲ್ಲ...